ಸಾಲಿ ಬಿಟ್ಟ ಮ್ಯಾಲ ಮಕ್ಳು ಎಲ್ಲಿರ್ಬೇಕು?

ಸಂಪಾದಕರಿಗೆ ನಮಸ್ಕಾರ್ರಿ,

ಬಾಲ್ಯವಿವಾಹ, ಗುಟ್ಕಾ, ಮೊಬೈಲ್ ಚಟ, ಸಾಲಿ ಬಿಟ್ಟ ಮಕ್ಳು ಅಂತ ನಿಮ್ಮ ಪೇಪರಿನ್ಯಾಗ ಇವೆಲ್ಲ ಬ್ಯಾರೆ ಬ್ಯಾರೆ ಸುದ್ದಿಯಾಗಿ ಬರ್ತಾವು. ಸರ್ಕಾರದಾಗೂ ಹಂಗ, ಒಂದೊಂದಕ್ಕ ಒಂದೊಂದು ಇಲಾಖೆ, ಒಂದೊಂದು ಜಾಥಾ, ಒಂದೊಂದು ಬ್ಯಾನರ್. ನಾ ಬ್ಯಾಡಗಿ ತಾಲೂಕಿನ ಒಂದು ಹಳ್ಳ್ಯಾಗ ಹಿಟ್ಟಿನ ಗಿರಣಿ ನಡಸ್ತೀನಿ, ಎದುರಿಗೇ ಸರ್ಕಾರಿ ಸಾಲಿ. ಗಿರಣ್ಯಾಗ ಕುಂತು ನೋಡಿದ್ರ ಇವೆಲ್ಲ ಬಂದು ಕೂಡೋದು ಒಂದ ಹೊತ್ತಿನ್ಯಾಗ ರೀ, ಸಂಜಿ ನಾಲ್ಕೂವರಿಯಿಂದ ಎಂಟರ ಒಳಗ. ಸಾಲಿ ಬಿಟ್ಟಿರ್ತೈತಿ, ಅವ್ವ ಅಪ್ಪ ಇನ್ನೂ ಬಂದಿರಂಗಿಲ್ಲ. ಯೋಜನೆ ಬೇಕಂದ್ರ ಈ ಮೂರೂವರಿ ತಾಸಿಗೆ ಮಾಡ್ರಿ ಅನ್ನೋದು ನನ್ ಅಹವಾಲು.

ಮೆಣಸಿನಕಾಯಿ ಸೀಸನ್ ಶುರು ಆತಂದ್ರ ನಮ್ಮೂರ ಹೆಣ್ಮಕ್ಳು ಹೊತ್ತು ಹುಟ್ಟೂದ್ರೊಳಗ ಟಂಟಂ ಹತ್ತಿ ಬ್ಯಾಡಗಿಗೆ ತುಂಬು (ಮೆಣಸಿನಕಾಯಿ ತೊಟ್ಟು) ಬಿಡಿಸಾಕ ಹೋಗ್ತಾರ. ಕೆಜಿ ಲೆಕ್ಕದ ಕೂಲಿ ಅದು, ಕುಂತಷ್ಟೂ ರೊಕ್ಕ, ಅದಕ್ಕ ಯಾರೂ ಲಗೂನ ಎದ್ದು ಬರಂಗಿಲ್ಲ. ಸಣ್ಣ ಕೂಸನ್ನ ಜೊತಿಗೆ ಒಯ್ಯಾಕ ಆಗಂಗಿಲ್ಲ, ಆ ಘಾಟಿಗೆ ದೊಡ್ಡವ್ರಿಗೇ ಕಣ್ಣು ಮೂಗು ಸುರೀತಿರ್ತಾವು. ಹಂಗಾಗಿ ಕೂಸು ಅಕ್ಕನ ಪಾಲಿಗೆ. ನಾಕನೇತ್ತೆ ಓದೋ ಹುಡುಗಿ ಒಬ್ಬಾಕಿ ತಮ್ಮನ್ನ ಸೊಂಟದ ಮ್ಯಾಲ ಹೊತ್ಗೊಂಡು, ಇನ್ನೊಂದು ಕೈಯಾಗ ಜ್ವಾಳದ ಡಬ್ಬಿ ಹಿಡ್ಕೊಂಡು ಗಿರಣಿಗೆ ಬರ್ತಾಳ. ಹಿಟ್ಟು ಬೀಸೂತನಕ ಆ ಕೂಸು ಗಿರಣಿ ಸಪ್ಪಳಕ್ಕ ಅಂಜಿ ಅಳ್ತಿರ್ತೈತಿ, ಈಕಿ ಅದನ್ನ ಸಮಾಧಾನ ಮಾಡ್ಕೋತ ಕಟ್ಟಿ ಮ್ಯಾಲ ಕುಂತು ಪಾಟಿಚೀಲದಾಗಿನ ಪುಸ್ತಕ ತಗೀತಾಳ, ಮತ್ತ ಇಡ್ತಾಳ. ಫೆಬ್ರವರಿ ಮಾರ್ಚ್‌ನ್ಯಾಗ ಆಕಿ ಸಾಲಿಗೆ ಬರೋದೂ ಕಮ್ಮಿ, ಪರೀಕ್ಷೆ ಟೈಮೂ ಅದ ಮತ್ತ.

ತಾಯಿ ದುಡಿಯಾಕ ಹೋದಾಗ ಸಣ್ಣ ಮಕ್ಕಳನ್ನ ನೋಡ್ಕೊಳ್ಳೋ ಕೂಸಿನ ಮನಿ ಅಂತ 2023-24ರ ರಾಜ್ಯ ಬಜೆಟ್ಟಿನ್ಯಾಗ ಹೇಳಿದ್ರು, 4,000 ಗ್ರಾಮ ಪಂಚಾಯ್ತ್ಯಾಗ. ಭಾಳ ಚೊಲೊ ವಿಚಾರ, ಸುಳ್ಳು ಹೇಳಬಾರದು. ಆದ್ರ ಅದನ್ನ ನರೇಗಾ ಕೂಲಿಗೆ ಹೋಗೋ ತಾಯಂದಿರ ಲೆಕ್ಕದಾಗ ಮಾಡಿದ್ದು. ತುಂಬು ಬಿಡಿಸಾಕ ಹೋಗಾಕಿ, ಬೀಜದ ಪ್ಲಾಟಿನ್ಯಾಗ ಕ್ರಾಸಿಂಗ್ (ಕೈಲೆ ಹೂವಿಗೆ ಪರಾಗ ಹಚ್ಚೋ ಕೆಲಸ) ಮಾಡಾಕಿ, ಇವ್ರೇನು ತಾಯಂದಿರಲ್ಲೇನ್ರಿ? ಹಾವೇರಿ ಜಿಲ್ಲ್ಯಾಗ ಸುಗ್ಗಿ ಯಾವಾಗ, ಪ್ಯಾಟಿ ಯಾವ ವಾರ ಅಂತ ಎಲ್ಲಾರಿಗೂ ಗೊತ್ತದ. ಆ ತಿಂಗಳಷ್ಟ ಕೂಸಿನ ಮನಿ ಬೆಳಿಗ್ಗೆ ಆರಕ್ಕ ತಗದು ರಾತ್ರಿ ಎಂಟಕ್ಕ ಮುಚ್ಚಿದ್ರ ಸಾಕು, ಎರಡು ಪಾಳಿ ಮಾಡಿ ಇನ್ನಿಬ್ರು ಹೆಣ್ಮಕ್ಕಳಿಗೆ ಕೆಲಸ ಕೊಟ್ರ ಆತು. ಕೂಸಿಗೊಂದು ಜಾಗ ಸಿಕ್ರ ಅಕ್ಕ ಸಾಲ್ಯಾಗ ಉಳೀತಾಳ.

ಗುಟ್ಕಾದ ಮಾತು. 2013ರಾಗ ನಮ್ ರಾಜ್ಯದಾಗ ಗುಟ್ಕಾ ಬಂದ್ ಮಾಡ್ಯಾರ. ಈಗ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು, ಎರಡೂ ಅಂಗಡ್ಯಾಗ ಒಂದರ ಬಾಜೂಕ ಒಂದು ಜೋತಾಡ್ತಿರ್ತಾವು, ಎಂಟನೇತ್ತೆ ಹುಡುಗ್ರು ಎರಡೂ ಹರದು ಅಂಗೈಯಾಗ ಕಲಸೋದನ್ನ ನಾನ ನೋಡೀನಿ. ರಾಜ್ಯ ಸರ್ಕಾರ ಹೊಸಾ ತಿದ್ದುಪಡಿ ತಂದು 21 ವರ್ಷದೊಳಗಿನವ್ರಿಗೆ ತಂಬಾಕು ಮಾರಬಾರದು, ಸಾಲಿಯಿಂದ 100 ಮೀಟರ್ ಒಳಗ ಮಾರಬಾರದು ಅಂದೈತಿ. ಮಕ್ಕಳಿಗೆ ತಂಬಾಕು ಕೊಟ್ರ ಬಾಲನ್ಯಾಯ ಕಾಯ್ದೆ 77ನೇ ಕಲಂ ಪ್ರಕಾರ ಏಳು ವರ್ಷದತನಕ ಜೈಲು. ಏಳು ವರ್ಷ! ಇಷ್ಟು ದೊಡ್ಡ ಶಿಕ್ಷಾ ಇದ್ರ ಪರಿಚಯದ ಅಂಗಡಿಕಾರನ ಮ್ಯಾಲ ಯಾರು ಕೇಸ್ ಹಾಕ್ತಾರ್ರೀ, ಹಾಕಾಕ ಮನಸ ಬರಂಗಿಲ್ಲ. ಪಂಚಾಯ್ತಿಯವ್ರು ಅಂಗಡಿ ಲೈಸೆನ್ಸ್ ರಿನಿವಲ್ ಮಾಡೂಮುಂದ ಇದೊಂದು ಕರಾರು ಹಾಕ್ಲಿ, ತಪ್ಪಿದ್ರ ಹದಿನೈದು ದಿನ ಅಂಗಡಿ ಬಂದ್. ಅಷ್ಟ ಸಾಕು, ಜೈಲಿಗಿಂತ ವ್ಯಾಪಾರ ನಿಂತ್ರ ಜನ ಹೆಚ್ಚು ಅಂಜ್ತಾರ, ನಾನೂ ಅಂಗಡಿ ಇಟ್ಟಾಂವನ ಅಲ್ಲೇನ್ರಿ.

ಆದ್ರ ಬರೇ ಬಂದ್ ಮಾಡಿದ್ರ ಹುಡುಗ್ರು ಹೋಗೋದೆಲ್ಲಿ? ಆಸ್ಟ್ರೇಲಿಯಾದಾಗ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವ್ರಿಗೆ ಸೋಶಿಯಲ್ ಮೀಡಿಯಾ ಅಕೌಂಟ್ ಇಲ್ಲ ಅಂತ ಕಾನೂನು ಮಾಡ್ಯಾರ, ಅದನ್ನ ನೋಡಿ ನಮ್ಮಲ್ಲೂ ಮಾಡ್ರಿ ಅನ್ನೋರು ಅದಾರ. ನನಗ ಅದಕ್ಕಿಂತ ಐಸ್‌ಲ್ಯಾಂಡಿನ ದಾರಿ ಸರಿ ಅನ್ನಿಸ್ತೈತಿ. ಭಾಳ ಸಣ್ಣ ದೇಶ, ನಾಲ್ಕು ಲಕ್ಷ ಜನಾನೂ ಇಲ್ಲ, ನಮ್ ಹಾವೇರಿ ಜಿಲ್ಲಾನ 2011ರ ಜನಗಣತ್ಯಾಗ ಹೆಚ್ಚುಕಮ್ಮಿ 16 ಲಕ್ಷ ಐತಿ. ಅಲ್ಲಿ 1998ರಾಗ 15-16 ವರ್ಷದ ಮಕ್ಕಳೊಳಗ ನೂರಕ್ಕ 42 ಮಂದಿ ಹಿಂದಿನ ತಿಂಗಳದಾಗ ಒಮ್ಮೆರ ಕುಡುದು ನಿಶಾ ಆಗಿದ್ವಿ ಅಂದಿದ್ರಂತ, 2016ಕ್ಕ ಅದು ನೂರಕ್ಕ 5ಕ್ಕ ಇಳೀತು. ಭಾಷಣ ಮಾಡಿ ಇಳಿಸಿಲ್ಲ. ಸಾಲಿ ಬಿಟ್ಟ ಮ್ಯಾಲ ಆಟ, ಹಾಡು, ಕುಣಿತ ಕಲಿಯಾಕ ಜಾಗ ಮಾಡಿದ್ರು, ಬಡವ್ರ ಮಕ್ಕಳೂ ಬರ್ಲಿ ಅಂತ ಅದಕ್ಕ ರೊಕ್ಕ ಕೊಟ್ರು, ರಾತ್ರಿ ಇಂಥಾ ಟೈಮಿಗೆ ಮನ್ಯಾಗಿರ್ಬೇಕು ಅಂತ ಕಾನೂನು ಮಾಡಿದ್ರು, ಮ್ಯಾಲಿಂದ ಮ್ಯಾಲ ಸಾಲ್ಯಾಗ ಮಕ್ಕಳನ್ನ ಕೇಳಿ ಲೆಕ್ಕ ಇಟ್ರು. ಅವ್ರದು ಶ್ರೀಮಂತ ದೇಶ, ಒಪ್ತೀನಿ. ಆದ್ರ ಕಬಡ್ಡಿ, ಖೋಖೋಕ್ಕ ಏನ್ ಖರ್ಚು ಬರ್ತದ?

ಜಾಗ ನಮ್ಮಲ್ಲೂ ಅದಾವು. ಸಾಲಿ ಮೈದಾನದ ಗೇಟಿಗೆ ನಾಲ್ಕೂವರಿಗೆ ಕೀಲಿ ಬೀಳ್ತೈತಿ. ಪಂಚಾಯ್ತಿ ಗ್ರಂಥಾಲಯಕ್ಕ ಈಗ ಅರಿವು ಕೇಂದ್ರ ಅಂತ ಹೆಸರಿಟ್ಟು ಗ್ವಾಡಿಗೆ ಚಿತ್ರ ಬಿಡಿಸಿ ಚಂದ ಮಾಡ್ಯಾರ, ಆದ್ರ ಸಂಜಿಮುಂದ ಮಕ್ಕಳಿಗೆ ಬೇಕಾದಾಗ ಅದೂ ತೆರದಿರ್ಬೇಕಲ್ಲ. ಮನಿ ತೆರಿಗೆ ಪಾವತಿ ತಗದು ನೋಡ್ರಿ, ಗ್ರಂಥಾಲಯ ಕರ ನೂರಕ್ಕ 6 ಅಂತ ಐತಿ. ಆ ಆರು ರೂಪಾಯಿ ನಾವು ಕೊಡ್ತಿರ್ತೀವಲ್ಲ, ಗ್ರಂಥಾಲಯ ನೋಡ್ಕೊಳ್ಳೋರಿಗೆ ಸಂಜಿ ತಾಸಿನ ಪಗಾರ ಬ್ಯಾರೆ ಕೊಟ್ಟು ಎಂಟರತನಕ ತಗೀರಿ. ಪುಕ್ಕಟೆ ದುಡೀರಿ ಅನ್ನಬ್ಯಾಡ್ರಿ ಮತ್ತ, ಅಂಗನವಾಡಿ ಟೀಚರ್‌ಗೋಳಿಗೆ ಅದನ್ನ ಮಾಡಿ ಅವ್ರು ಬೀದಿಗೆ ಬಂದು ಕುಂತಾರ.

ಹುಡುಗ್ಯಾರ ಕಥಿ ಇದಕ್ಕಿಂತ ಬಿರುಸು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷ್ಯಾಗ ಕರ್ನಾಟಕದಾಗ 18 ತುಂಬೂದ್ರೊಳಗ ಲಗ್ನ ಆದ ಹೆಣ್ಮಕ್ಳು 2015-16ರಾಗ ನೂರಕ್ಕ 21.4, 2019-21ರಾಗ 21.3. ಕದಲೇ ಇಲ್ಲ. ಕಾನೂನು ಏನ್ ಸಡಿಲ ಇಲ್ಲ, ನಮ್ ರಾಜ್ಯದ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಮೊದಲಿಂದ್ಲೇ ಅಸಿಂಧು. ಆದ್ರ ತಾಯಿನ್ನ ಕೇಳ್ರಿ, "ಅಣ್ಣಾ, ನಾವು ಹೊತ್ತು ಮುಳುಗಿದ ಮ್ಯಾಲ ಬರಾವ್ರು, ಬೆಳದ ಹುಡುಗಿನ್ನ ಒಬ್ಬಾಕಿನ್ನ ಬಿಟ್ಟು ಹೆಂಗಿರೋದು, ಒಂದ್ ಮನಿ ಸೇರ್ಸಿಬಿಟ್ರ ನಿಶ್ಚಿಂತಿ" ಅಂತಾರ. ಇವ್ರಿಗೆ ಜಾಥಾದಾಗ ಘೋಷಣಾ ಕೂಗಿ ಏನ್ ಹೇಳ್ತೀರಿ? ಕಡ್ಡಾಯ ಶಿಕ್ಷಣದ ಕಾಯ್ದೆನೂ 14ಕ್ಕ ಮುಗೀತೈತಿ, ಎಸ್ಸೆಸ್ಸೆಲ್ಸಿ ಆದ ಮ್ಯಾಲ ಕಾಲೇಜಿಗೆ ಪ್ಯಾಟಿಗೆ ಹೋಗ್ಬೇಕು. ಶಕ್ತಿ ಯೋಜನೆದಾಗ ಟಿಕೆಟ್ ಪುಕ್ಕಟೆ ಆತು, ಛಲೋ, ಆದ್ರ ಕಾಲೇಜು ಬಿಡೂ ಹೊತ್ತಿಗೆ ಬಸ್ ಇರ್ಬೇಕಲ್ಲ. ಸಂಜಿ ಐದೂವರಿಗೆ ಒಂದ್ ಬಸ್ ಗ್ಯಾರಂಟಿ ಇದ್ರ ಎಷ್ಟೋ ಮನ್ಯಾಗ ಲಗ್ನದ ಮಾತು ಎರಡು ವರ್ಷ ಮುಂದಕ್ಕ ಹೋಗ್ತೈತಿ ಅಂತ ನನಗನ್ನಿಸ್ತೈತಿ.

ಸರ್ಕಾರ ಮನಸ ಮಾಡಿದ್ರ ಆಗಂಗಿಲ್ಲ ಅಂತೇನಿಲ್ಲ. ಸಾಲ್ಯಾಗ ತತ್ತಿ ಕೊಡಬಾರದು ಅಂತ ಎಷ್ಟು ಗದ್ದಲ ಆತು, ಈಗ ವಾರಕ್ಕ ಆರು ದಿನ ತತ್ತಿ ಕೊಡ್ತಾರ, ಬ್ಯಾಡ ಅನ್ನಾವ್ರಿಗೆ ಬಾಳೆಹಣ್ಣು. ನಮ್ ಸಾಲ್ಯಾಗ ಗದ್ದಲ ಎಲ್ಲಿ ಹೋತೋ ಯಾರಿಗೂ ನೆನಪಿಲ್ಲ, ಮಕ್ಕಳು ಮಾತ್ರ ತತ್ತಿ ತಿಂತಾವು.

ಹೋದ ನವೆಂಬರ್‌ದಾಗ ಮಕ್ಕಳ ಗ್ರಾಮಸಭೆ ಆತು ನಮ್ಮಲ್ಲಿ, ಹುಡುಗಿ ಒಬ್ಬಾಕಿ ಎದ್ದು ನಿಂತು "ಮೈದಾನದ ಗೇಟ್ ಯಾಕ ಹಾಕ್ತೀರಿ" ಅಂತ ಕೇಳಿದ್ಲು, ನಡಾವಳಿ ಪುಸ್ತಕದಾಗ ಬರ್ಕೊಂಡ್ರು, ಚಹಾ ಬಿಸ್ಕೀಟು ಆತು, ಎದ್ದು ಹೋದ್ರು. ಗೇಟ್ ಇನ್ನೂ ಹಾಕೇ ಐತಿ. ಮಕ್ಕಳು ಕೇಳಿದ್ದಕ್ಕ ಒಂದ್ ತಿಂಗಳದಾಗ ಬರವಣಿಗ್ಯಾಗ ಉತ್ತರ ಕೊಡ್ಬೇಕು, ಅದನ್ನ ಸಾಲಿ ನೋಟಿಸ್ ಬೋರ್ಡಿಗೆ ಹಚ್ಚಬೇಕು ಅಂತ ಜಿಲ್ಲಾ ಪಂಚಾಯ್ತಿ ಸಿಇಓ ಸಾಹೇಬ್ರು ಒಂದು ಸುತ್ತೋಲೆ ಹೊರಡಿಸ್ಲಿ. ಮತ್ತ ಮುಂದಿನ ಸಭಾನ ಮುಂಜಾನೆ ಹನ್ನೊಂದಕ್ಕ ಇಡಬ್ಯಾಡ್ರಿ, ಸಂಜಿ ಆರಕ್ಕ ಇಡ್ರಿ, ಆಗ ಬಂದ್ರ ಮಕ್ಳು ಎಲ್ಲಿರ್ತಾರ ಅನ್ನೋದು ಸಾಹೇಬ್ರಿಗೂ ಕಾಣ್ತೈತಿ.

– ಒಬ್ಬ ಓದುಗ, ಬ್ಯಾಡಗಿ ತಾಲೂಕು, ಹಾವೇರಿ ಜಿಲ್ಲೆ