ಹಳೇ ಸರ್ವರ್‌ಗೆ ಹಾಕಿದ ನೆಟ್‌ವರ್ಕ್ ಕಾರ್ಡ್: ಅರ್ಧ ಕೆಲಸ, ಪೂರ್ತಿ ಬಿಲ್

ಇವರಿಗೆ,
ಸರ್ವಿಸ್ ಮ್ಯಾನೇಜರ್

ವಿಷಯ: ಎಎಂಸಿಯಲ್ಲಿ (ವಾರ್ಷಿಕ ನಿರ್ವಹಣೆ ಕರಾರು) ಇರುವ ನಮ್ಮ ಸರ್ವರ್‌ನ ನೆಟ್‌ವರ್ಕ್ ಕಾರ್ಡ್ ಮತ್ತು ಅದನ್ನು ಓಡಿಸುವ ಸಾಫ್ಟ್‌ವೇರ್ ಆದ ಡ್ರೈವರ್‌ನ ಕೆಲಸವನ್ನು ಅರ್ಧಕ್ಕೇ ಬಿಟ್ಟು ಹೋಗಿರುವ ಬಗ್ಗೆ

ನಮಸ್ಕಾರ ಸರ್,

ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಪೀಣ್ಯದಲ್ಲಿರುವ ನಮ್ಮ ಮೆಷಿನ್ ಶಾಪ್‌ನ ಸರ್ವರ್‌ಗೆ ನಿಮ್ಮವರು ಹಾಕಿದ ನೆಟ್‌ವರ್ಕ್ ಕಾರ್ಡ್, ಸರ್ವರ್ ರೀಸ್ಟಾರ್ಟ್ ಆದಾಗಲೆಲ್ಲ ಕೆಲಸ ನಿಲ್ಲಿಸುತ್ತದೆ. ನಿಮ್ಮ ಕಡೆ ಮಾತ್ರ ಆ ಕಾಲ್ (ನಾವು ಕೊಟ್ಟ ದೂರು) ಕ್ಲೋಸ್ ಆಗಿದೆಯಂತೆ. ಕಾರ್ಡಿಗೆ ಬಿಲ್ ಬಂದಿದೆ, ಎಎಂಸಿ ಇದ್ದರೂ ವಿಸಿಟ್ ಚಾರ್ಜ್ ಅಂತ ಇನ್ನೊಂದು ಸಾಲು ಸೇರಿದೆ. ಕೇಳಿದರೆ ಪ್ರತಿ ಸಲ ಒಂದೇ ಉತ್ತರ: "ಸರ್, ಓಎಸ್ ಹಳೇದು, ನಾವೇನ್ ಮಾಡೋಕಾಗುತ್ತೆ, ಹೊಸ ಸರ್ವರ್ ಕೊಟೇಶನ್ ಕಳಿಸ್ಲಾ?"

ಹಳೆಯದು ಅಂತ ನಮಗೂ ಗೊತ್ತು. ಸರ್ವರ್‌ನಲ್ಲಿರುವ ಓಎಸ್ (ಆಪರೇಟಿಂಗ್ ಸಿಸ್ಟಂ) ವಿಂಡೋಸ್ ಸರ್ವರ್ 2008 ಆರ್2. 2020ರ ಜನವರಿ 14ಕ್ಕೆ ಮೈಕ್ರೋಸಾಫ್ಟ್ ಅದರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಆದರೂ ನಾವು ಇಟ್ಟುಕೊಂಡಿರುವುದು ಚಪಲಕ್ಕಲ್ಲ. ಶಾಪ್‌ನ ಸಿಎನ್‌ಸಿ ಮೆಷಿನ್‌ಗಳಿಗೆ (ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಓಡುವ ಮೆಷಿನ್‌ಗಳು) ಪ್ರೋಗ್ರಾಂ ಹೋಗುವುದು ಈ ಸರ್ವರ್‌ನಲ್ಲಿರುವ ಡಿಎನ್‌ಸಿ ಸಾಫ್ಟ್‌ವೇರ್‌ನಿಂದ. ಅದನ್ನು ಬರೆದುಕೊಟ್ಟವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು, ಹೊಸ ವಿಂಡೋಸ್‌ನಲ್ಲಿ ಅದು ಓಡುವುದಿಲ್ಲ. ಮೆಷಿನ್‌ಗಳು ಇನ್ನೂ ಗಟ್ಟಿಮುಟ್ಟಾಗಿವೆ, ಒಂದು ಸಾಫ್ಟ್‌ವೇರ್‌ಗೋಸ್ಕರ ಅವನ್ನು ಗುಜರಿಗೆ ಹಾಕೋಕಾಗುತ್ತಾ? ಇದನ್ನೆಲ್ಲ ಎಎಂಸಿಗೆ ಸಹಿ ಹಾಕುವ ಮೊದಲೇ ನಿಮ್ಮ ಸೇಲ್ಸ್‌ನವರ ಮುಂದೆ ಹೇಳಿದ್ದೆವು. ಕರಾರಿನ ಪಟ್ಟಿಯಲ್ಲಿ ಈ ಸರ್ವರ್‌ನ ಸೀರಿಯಲ್ ನಂಬರ್ ಮತ್ತು ಓಎಸ್ ಹೆಸರು ಎರಡೂ ಇವೆ. ಹಳೆಯದು ಅಂತ ಬೇರೆ ಮೆಷಿನ್‌ಗಳಿಗಿಂತ ಜಾಸ್ತಿ ದರವನ್ನೂ ಹಾಕಿದ್ದೀರಿ. ದುಡ್ಡು ತೆಗೆದುಕೊಳ್ಳುವಾಗ ಅಡ್ಡ ಬರದ ವಯಸ್ಸು ಕೆಲಸದ ಹೊತ್ತಿಗೆ ಅಡ್ಡ ಬಂತಾ?

ಈಗ ಏನೇನಾಯಿತು ಅಂತ ಹೇಳುತ್ತೇನೆ. ಬೋರ್ಡಿನಲ್ಲೇ ಇದ್ದ ನೆಟ್‌ವರ್ಕ್ ಪೋರ್ಟ್ ಕೆಟ್ಟಿತು. ಅದು ನಿಮ್ಮ ತಪ್ಪಲ್ಲ, ಹಾರ್ಡ್‌ವೇರ್ ಅಂದಮೇಲೆ ಕೆಡುತ್ತದೆ. ನಿಮ್ಮ ಇಂಜಿನಿಯರ್ ಮೊದಲು ತಂದ ಕಾರ್ಡ್‌ನ ಡಬ್ಬದ ಮೇಲೆಯೇ ವಿಂಡೋಸ್ 10, ವಿಂಡೋಸ್ 11 ಅಂತ ಪ್ರಿಂಟಾಗಿತ್ತು. ಅದನ್ನು ಸಿಕ್ಕಿಸಿ, ಡ್ರೈವರ್ ಹಾಕಲು ಹೋಗಿ, ಆಗದೆ ಮಧ್ಯಾಹ್ನವೆಲ್ಲ ಕಳೆದರು. 2008 ಆರ್2ಗೆ ಡ್ರೈವರ್ ಇದೆಯೋ ಇಲ್ಲವೋ ಅಂತ ತಯಾರಕರ ಡೌನ್‌ಲೋಡ್ ಪುಟ ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಇರಲಿ, ಅದನ್ನು ವಾಪಸ್ ತೆಗೆದುಕೊಂಡು ಹೋದರು.

ಎರಡನೇ ಕಾರ್ಡಿಗೆ 2008 ಆರ್2 ಡ್ರೈವರ್ ಇತ್ತು. ಇನ್‌ಸ್ಟಾಲ್ ಕೂಡ ಆಯಿತು. ಆದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಹೋಗಲಿಲ್ಲ. ತೆರೆದು ನೋಡಿದರೆ ಕೋಡ್ 52, ಅಂದರೆ ಡ್ರೈವರ್ ಅಸಲಿ ಅಂತ ತೋರಿಸುವ ಡಿಜಿಟಲ್ ಸಹಿಯನ್ನು ಪರಿಶೀಲಿಸಲು ಆಗುತ್ತಿಲ್ಲ ಅಂತ ವಿಂಡೋಸ್ ಹೇಳುತ್ತಿದೆ. ನಿಮ್ಮವರು ಏನು ಮಾಡಿದರು ಗೊತ್ತಾ? ಸರ್ವರ್ ರೀಸ್ಟಾರ್ಟ್ ಮಾಡಿ, ಎಫ್8 ಒತ್ತಿ, ಬರುವ ಪಟ್ಟಿಯಲ್ಲಿ ಕೆಳಗಿಳಿದು, ಡ್ರೈವರ್ ಸಹಿಯ ತಪಾಸಣೆಯನ್ನೇ ಬಂದ್ ಮಾಡುವ ಸಾಲನ್ನು ಆರಿಸಿದರು. ಕಾರ್ಡಿನ ದೀಪ ಹತ್ತಿತು. ಪಿಂಗ್ ಬಂತು, ಅಂದರೆ ನೆಟ್‌ವರ್ಕ್‌ನಲ್ಲಿ ಕರೆದರೆ ಉತ್ತರ ಬಂತು. ಕಾಲ್ ಶೀಟ್‌ಗೆ ಸಹಿ ಹಾಕಿಸಿಕೊಂಡು ಹೊರಟರು.

ಆ ಆಯ್ಕೆ ಆ ಒಂದು ಬೂಟ್‌ಗೆ ಮಾತ್ರ. ಮುಂದಿನ ಸಲ ಸರ್ವರ್ ಮಾಮೂಲಾಗಿ ಎದ್ದರೆ ವಿಂಡೋಸ್ ಮತ್ತೆ ಸಹಿ ಕೇಳುತ್ತದೆ, ಕಾರ್ಡ್ ಮತ್ತೆ ಮಲಗುತ್ತದೆ. ಇದು ನಿಮ್ಮವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ, ಎರಡರಲ್ಲಿ ಯಾವುದು ವಾಸಿ ಅಂತ ನನಗೆ ತಿಳಿಯುತ್ತಿಲ್ಲ. ಒಂದು ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಮುಗಿದು, ಸರ್ವರ್ ಆಫ್ ಆಗಿ ಮತ್ತೆ ಎದ್ದಿದೆ. ಬೆಳಿಗ್ಗೆ ಶಿಫ್ಟ್‌ನವರು ಬಂದು ನೋಡಿದರೆ ಯಾವ ಮೆಷಿನ್‌ಗೂ ಪ್ರೋಗ್ರಾಂ ಬರುತ್ತಿಲ್ಲ. ಆಪರೇಟರ್‌ಗಳು ಸುಮ್ನೆ ನಿಂತಿದ್ದರು. ಈಗ ಆ ಸರ್ವರ್‌ಗೆ ಕೀಬೋರ್ಡು, ಮಾನಿಟರು ಕಾಯಂ ಸಿಕ್ಕಿಸಿಟ್ಟಿದ್ದೇವೆ. ಮಾನಿಟರ್ ಅಂಚಿಗೆ ನಮ್ಮ ಸೂಪರ್‌ವೈಸರ್ ಒಂದು ಚೀಟಿ ಅಂಟಿಸಿದ್ದಾರೆ: "ಆನ್ ಆದ ಕೂಡಲೇ ಎಫ್8 ಒತ್ತುತ್ತಾ ಇರಿ, ವಿಂಡೋಸ್ ಲೋಗೋ ಬಂದ್ರೆ ಲೇಟಾಯ್ತು." ನಿಮ್ಮ ಕಂಪನಿಯ ಕೆಲಸದ ಗುಣಮಟ್ಟಕ್ಕೆ ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಬೇಡ.

ಇದಕ್ಕೆ ಪರಿಹಾರ ಇಲ್ಲವಾ ಅಂದರೆ ಇದೆ, ಅದೂ ವರ್ಷಗಳಿಂದ ಇದೆ. ಆ ಡ್ರೈವರ್‌ಗೆ ಹಾಕಿರುವುದು ಎಸ್‌ಎಚ್‌ಎ-2 ಅನ್ನುವ ಹೊಸ ಬಗೆಯ ಸಹಿ. 2008 ಆರ್2 ಬಂದದ್ದು 2009ರಲ್ಲಿ. ಅಪ್‌ಡೇಟ್ ಹಾಕದೆ ಈ ಸಹಿಯನ್ನು ಒಪ್ಪಿಕೊಳ್ಳಲು ಅದಕ್ಕೆ ಬರುವುದಿಲ್ಲ. ಸರ್ವಿಸ್ ಪ್ಯಾಕ್ 1 ಇರಬೇಕು, ಅದರ ಮೇಲೆ ಮೈಕ್ರೋಸಾಫ್ಟ್ 2015ರಲ್ಲಿ ಕೊಟ್ಟ ಕೆಬಿ3033929 ಅಥವಾ 2019ರ ಕೆಬಿ4474419 ಅನ್ನುವ ಅಪ್‌ಡೇಟ್ ಹಾಕಬೇಕು. ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದರಾಯಿತು, ಸರ್ವರ್‌ಗೆ ಇಂಟರ್‌ನೆಟ್ಟೇ ಬೇಡ. ನಾವೇ ಹಾಕಿಕೊಳ್ಳೋಣ ಅಂದರೆ, ನಿಮ್ಮವರಲ್ಲದೆ ಬೇರೆಯವರು ಸಿಸ್ಟಂ ಫೈಲ್‌ಗೆ ಕೈ ಹಾಕಿದರೆ ಎಎಂಸಿ ರದ್ದು ಅಂತ ಕರಾರಿನಲ್ಲಿ ಬರೆದಿದ್ದೀರಿ. ಹಾಗಾಗಿ ಗೊತ್ತಿರುವ ನಾವು ಕೈಕಟ್ಟಿ ಕೂತಿದ್ದೇವೆ, ಕೈ ಹಾಕಬಹುದಾದ ನಿಮ್ಮವರು ಎಫ್8 ಒತ್ತಿ ಹೋಗುತ್ತಾರೆ.

ಐಪಿ ಅಡ್ರೆಸ್‌ನ (ನೆಟ್‌ವರ್ಕ್‌ನಲ್ಲಿ ಸರ್ವರ್‌ಗೆ ಇರುವ ನಂಬರ್) ಕಥೆ ಬೇರೆ. ಹಳೇ ಪೋರ್ಟ್‌ಗಿದ್ದ 192.168.1.10 ಅನ್ನೇ ಹೊಸ ಕಾರ್ಡಿಗೂ ಕೊಡಲು ಹೋದಾಗ ವಿಂಡೋಸ್ ಒಂದು ಬಾಕ್ಸ್ ತೋರಿಸಿತು. ಈ ಅಡ್ರೆಸ್ ಈಗ ಕಂಪ್ಯೂಟರ್‌ನಲ್ಲಿ ಇಲ್ಲದ ಇನ್ನೊಂದು ಅಡಾಪ್ಟರ್‌ನ (ಅಂದರೆ ಹಳೇ ಪೋರ್ಟ್‌ನ) ಹೆಸರಿನಲ್ಲಿದೆ, ಅಲ್ಲಿಂದ ತೆಗೆದುಹಾಕಲಾ ಅಂತ ಅದು ತಾನಾಗಿಯೇ ಕೇಳುತ್ತಿತ್ತು. ನಾನು ಪಕ್ಕದಲ್ಲೇ ನಿಂತು ಓದಿದೆ. ನಿಮ್ಮವರು ಓದದೆ 'ನೋ' ಒತ್ತಿ, 192.168.1.50 ಅಂತ ಹೊಸ ನಂಬರ್ ಹಾಕಿದರು. ಆಫೀಸಿನ ಕಂಪ್ಯೂಟರ್‌ಗಳಲ್ಲಿ ಅದನ್ನು ಬದಲಾಯಿಸಿದರು, ಅಲ್ಲಿಗೆ ಮುಗಿಯಿತು. ಸಿಎನ್‌ಸಿ ಮೆಷಿನ್‌ಗಳ ಕಂಟ್ರೋಲರ್‌ಗಳಲ್ಲಿ ಸರ್ವರ್‌ನ ಹಳೇ ಅಡ್ರೆಸ್ ಒಂದೊಂದರಲ್ಲೂ ಕೈಯಲ್ಲೇ ಹಾಕಿದ್ದು. ಅದನ್ನು ಯಾರು ಬದಲಾಯಿಸಬೇಕು? ಸಾಲದ್ದಕ್ಕೆ .50 ಅನ್ನುವುದು ನಮ್ಮ ರೂಟರ್ ಮೊಬೈಲ್‌ಗಳಿಗೆ ಹಂಚುವ ಸಾಲಿನೊಳಗೇ ಬರುತ್ತದೆ. ಯಾವುದೋ ಫೋನಿಗೆ ಅದೇ ನಂಬರ್ ಸಿಕ್ಕಿ ಸರ್ವರ್ ಜೊತೆ ಜಗಳವೂ ಆಯಿತು. ಹಳೇ ಅಡಾಪ್ಟರ್ ಇನ್ನೂ ವಿಂಡೋಸ್‌ನ ಸೆಟ್ಟಿಂಗ್ ದಾಖಲೆಯಾದ ರಿಜಿಸ್ಟ್ರಿಯಲ್ಲಿ ದೆವ್ವದ ಹಾಗೆ ಕೂತಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಈಗ ಇಲ್ಲದ ಡಿವೈಸ್‌ಗಳನ್ನೂ ಕಾಣುವಂತೆ ಮಾಡಿ, ಮಸುಕಾಗಿ ಕಾಣುವ ಆ ಹೆಸರನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಆಯಿತು. ಹಳೇ ವಿಂಡೋಸ್‌ನಲ್ಲಿ ಕಾರ್ಡ್ ಬದಲಾಯಿಸುವವರು ಮೊದಲು ಕಲಿಯುವ ಕೆಲಸವೇ ಇದು, ಅಲ್ವಾ?

ಇನ್ನೂ ಒಂದು ವಿಷಯ ಇದೆ, ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಅದಕ್ಕೇ. ಈ ಸರ್ವರ್‌ನಲ್ಲಿ ಗೇಟ್‌ವೇ (ಹೊರಗಿನ ನೆಟ್‌ಗೆ ಹೋಗುವ ದಾರಿಯ ಅಡ್ರೆಸ್) ಜಾಗ ಖಾಲಿ ಇತ್ತು. ಬೇಕಂತಲೇ ಖಾಲಿ ಬಿಟ್ಟಿದ್ದೆವು, ಅದು ಹೊರಗಿನ ನೆಟ್‌ಗೆ ಹೋಗಬಾರದು ಅಂತ. ನಿಮ್ಮವರು "ನೆಟ್ ಬರ್ತಿದೆಯಾ ನೋಡೋಕೆ" ಅಂತ ರೂಟರ್ ಅಡ್ರೆಸ್ ತುಂಬಿ, ಹಾಗೇ ಬಿಟ್ಟು ಹೋಗಿದ್ದಾರೆ. ಹಳೇ ಮೆಷಿನ್‌ಗಳಿಗಾಗಿ ಎಸ್‌ಎಂಬಿ1 (ಫೈಲ್ ಹಂಚಿಕೊಳ್ಳುವ ಹಳೇ ವ್ಯವಸ್ಥೆ) ಆನ್ ಇರುವ, ಅಪ್‌ಡೇಟ್ ನಿಂತುಹೋದ ಸರ್ವರ್ ಅದು. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಜಗತ್ತಿನೆಲ್ಲೆಡೆ ಹರಡಿದ್ದು ಇದೇ ಎಸ್‌ಎಂಬಿ1ನ ದೋಷ ಹಿಡಿದು. ಗೇಟ್‌ವೇಯನ್ನು ನಾನೇ ಅಳಿಸಿದ್ದೇನೆ. ಇದಕ್ಕೆ ಎಎಂಸಿ ರದ್ದು ಮಾಡುವುದಾದರೆ ಮಾಡಿ, ಬರವಣಿಗೆಯಲ್ಲಿ ಕೊಡಿ.

ನಮಗೆ ಬೇಕಾದದ್ದು ಇಷ್ಟು. 2008 ಆರ್2 ಗೊತ್ತಿರುವ ಒಬ್ಬರನ್ನು ಬರುವ ಭಾನುವಾರ, ಮೆಷಿನ್‌ಗಳು ನಿಂತಿರುವಾಗ ಕಳಿಸಿ. ಅವರು ಮೊದಲು ಪೂರ್ತಿ ಬ್ಯಾಕಪ್ ತೆಗೆಯಲಿ, ಆಮೇಲೆ ಅಪ್‌ಡೇಟ್ ಹಾಕಲಿ, ಹಳೇ ಅಡಾಪ್ಟರ್ ತೆಗೆದು .10 ಅನ್ನು ವಾಪಸ್ ಕೊಡಲಿ. ಕೆಲಸ ಆದಮೇಲೆ ನಮ್ಮ ಮುಂದೆಯೇ ಸರ್ವರ್‌ನ ಪವರ್ ತೆಗೆದು ಹಾಕಿ, ಯಾರೂ ಕೀಬೋರ್ಡ್ ಮುಟ್ಟದೆ ನೆಟ್‌ವರ್ಕ್ ಬರುತ್ತದಾ ತೋರಿಸಲಿ. ಪಿಂಗ್ ತೋರಿಸಿದರೆ ಸಾಲದು, ಶಾಪ್‌ಗೆ ಬಂದು ಮೆಷಿನ್ ಮೇಲೆ ಒಂದು ಪ್ರೋಗ್ರಾಂ ಇಳಿಸಿ ತೋರಿಸಬೇಕು. ಹಾಕಿದ ಡ್ರೈವರ್ ಮತ್ತು ಅಪ್‌ಡೇಟ್ ಫೈಲ್‌ಗಳ ಒಂದು ಕಾಪಿ ಪೆನ್‌ಡ್ರೈವ್‌ನಲ್ಲಿ ನಮಗೂ ಬೇಕು.

ಕಾರ್ಡಿನ ದುಡ್ಡು ಕೊಡಲು ತಕರಾರಿಲ್ಲ, ಕೆಲಸ ಮುಗಿದ ದಿನ ಕೊಡುತ್ತೇವೆ. ವಿಸಿಟ್ ಚಾರ್ಜ್ ಬಿಲ್‌ನಿಂದ ತೆಗೆಯಿರಿ, ಅದನ್ನು ಕೊಡುವುದಿಲ್ಲ. ಮುಂದಿನ ಮೂರು ತಿಂಗಳ ಎಎಂಸಿ ಚೆಕ್ ಬರೆದು ನಮ್ಮ ಅಕೌಂಟ್ಸ್‌ನವರ ಡ್ರಾಯರ್‌ನಲ್ಲೇ ಇದೆ. ಭಾನುವಾರದ ಕೆಲಸ ಆಗದಿದ್ದರೆ ಅದು ಹೊರಗೆ ಬರುವುದಿಲ್ಲ.

ಹೊಸ ಸರ್ವರ್ ಕೊಟೇಶನ್ ಈಗ ಕಳಿಸಬೇಡಿ. ಡಿಎನ್‌ಸಿ ಸಾಫ್ಟ್‌ವೇರ್ ಬದಲಾಯಿಸುವ ಮಾತು ನಮ್ಮಲ್ಲೂ ನಡೆದಿದೆ, ಆಗ ಬೇಕಾದರೆ ನಾವೇ ಕೇಳುತ್ತೇವೆ. ಭಾನುವಾರ ಯಾರು ಬರುತ್ತಾರೆ, ಎಷ್ಟು ಗಂಟೆಗೆ ಬರುತ್ತಾರೆ ಅಂತ ಶುಕ್ರವಾರದೊಳಗೆ ಮೇಲ್‌ನಲ್ಲಿ ತಿಳಿಸಿ, ಗೇಟ್ ಪಾಸ್ ಮಾಡಿಸಿಡಬೇಕು.

ಇಂತಿ,
ಪ್ಲಾಂಟ್ ಇನ್‌ಚಾರ್ಜ್

ಜೊತೆಗೆ: ಕಾಲ್ ಶೀಟ್ ಕಾಪಿ, ಬಿಲ್ ಕಾಪಿ, ಕೋಡ್ 52 ಕಾಣುವ ಸ್ಕ್ರೀನ್ ಫೋಟೋ