ಪಿಸ್ತೂಲು ಅಂದರೆ ಹೆದರಬೇಡ ಆಯಿ

ಹ್ಯಾನೋವರ್, ಶನಿವಾರ ರಾತ್ರಿ

ಆಯಿ,

ಮೊನ್ನೆ ಫೋನಿನಲ್ಲಿ ಇಲ್ಲಿನ ಕ್ಲಬ್ಬಿನಲ್ಲಿ ಪಿಸ್ತೂಲು ಹೊಡೆಯಲು ಕಲಿಯುತ್ತಿದ್ದೇನೆ ಅಂದ ಕೂಡಲೇ ನೀನು ಸುಮ್ಮನಾದೆ. ಆಮೇಲೆ "ಊಟ ಆಯ್ತಾ" ಅಂತ ಮಾತು ತಿರುಗಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ. ಇದು ಮಂಗ ಓಡಿಸುವ ನಮ್ಮ ತೋಟದ ಕೋವಿಯ ಥರದ್ದಲ್ಲ. ಗಾಳಿಯ ಒತ್ತಡದಿಂದ ಹಾರಿಸುವುದು. ಮದ್ದಿಲ್ಲ, ಹೊಗೆಯಿಲ್ಲ, ಟಪ್ ಅಂತ ಒಂದು ಸದ್ದು ಅಷ್ಟೇ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಕಂಚು ಗೆದ್ದಳಲ್ಲ, ಅಪ್ಪಯ್ಯ ಕೊಟ್ಟಿಗೆ ಕೆಲಸ ಬಿಟ್ಟು ಟಿವಿ ಮುಂದೆ ಕೂತಿದ್ದ, ಅದೇ ಆಟ. ದೂರ 10 ಮೀಟರ್. ಒಂದೇ ಕೈಯಲ್ಲಿ ಹಿಡಿಯಬೇಕು. ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಸುಲಿದ ಅಡಿಕೆಯ ಅರ್ಧ ಅಂದುಕೋ. ಗುಂಡು ಕೊತ್ತಂಬರಿ ಕಾಳಿನಷ್ಟು.

ಮೊದಲ ಎರಡು ತಿಂಗಳು ನನ್ನ ಗುಂಡೆಲ್ಲ ಕೆಳಗೆ, ಎಡಕ್ಕೆ. ಗಡಿಯಾರದ ಏಳು ಗಂಟೆಯ ಜಾಗದಲ್ಲಿ ಗುಂಪು ಕಟ್ಟಿ ಕೂರುತ್ತಿದ್ದವು. ಕೈ ನಡುಗುವುದೇ ಕಾರಣ ಅಂದುಕೊಂಡು ಡಂಬೆಲ್ಸ್ ತಂದೆ, ಕಾಫಿ ಬಿಟ್ಟೆ. (ಕಾಫಿ ಬಿಟ್ಟಿದ್ದು ನಾಲ್ಕೇ ದಿನ.)

ಕ್ಲಬ್ಬಿನಲ್ಲಿ ಕಲಿಸುವವರು ಒಬ್ಬರು ಅಜ್ಜಿ. ಮಾತು ಕಡಿಮೆ, ಕಣ್ಣು ಜೋರು. ಒಂದು ಸಂಜೆ ನನ್ನ ಪಿಸ್ತೂಲು ತೆಗೆದುಕೊಂಡು, ಆಚೆ ತಿರುಗಿ ಏನೋ ಮಾಡಿ ವಾಪಸ್ ಕೊಟ್ಟರು. ಹೊಡಿ ಅಂದರು. ಗುರಿ ಹಿಡಿದು ಎಳೆದೆ. ಟಿಕ್ ಅಂತಷ್ಟೇ ಆಯಿತು. ಖಾಲಿ! ಆದರೆ ನಳಿಗೆ ಮಾತ್ರ ಗಕ್ಕನೆ ಕೆಳಕ್ಕೆ ಬಾಗಿತ್ತು. ಇಬ್ಬರೂ ನೋಡಿದೆವು. ಹತ್ತರ ವೃತ್ತ ಎದುರಿಗೆ ಬಂದ ಕೂಡಲೇ 'ಈಗ' ಅಂತ ನನ್ನ ಬೆರಳು ಜಗ್ಗುತ್ತಿತ್ತು, ಅದರ ಜೊತೆ ಇಡೀ ಮುಷ್ಟಿ ಬಿಗಿಯುತ್ತಿತ್ತು. ಟ್ರಿಗರ್ ಎಳೆಯಲು ಬೇಕಾದ್ದು 500 ಗ್ರಾಂ ಭಾರ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಎತ್ತಿದಷ್ಟು. ಅದಕ್ಕೆ ಮುಷ್ಟಿಯೆಲ್ಲ ಯಾಕೆ ಬೇಕಿತ್ತೋ!

ಕೈ ಅಲ್ಲಾಡುವುದು ಯಾರಿಗೂ ನಿಲ್ಲುವುದಿಲ್ಲ, ಅಲ್ಲಾಡುತ್ತಿರುವಾಗಲೇ ಮೆಲ್ಲಗೆ ಒತ್ತುತ್ತ ಹೋಗು ಅಂದರು ಅಜ್ಜಿ. ನನಗೆ ಅಡಿಕೆ ಕೊನೆ ಕೊಯ್ಯುವ ನಮ್ಮ ದೋಟಿ ನೆನಪಾಯಿತು. ಅಷ್ಟುದ್ದದ ದೋಟಿಯ ತುದಿ ಎಂದಾದರೂ ನಿಂತಿದ್ದುಂಟಾ? ಅದು ನಿಲ್ಲಲಿ ಅಂತ ಕಾದರೆ ಕೊನೆ ಮರದಲ್ಲೇ ಹಣ್ಣಾಗಿ ಗೋಟಾಗುತ್ತದೆ.

ಈಗ ಕ್ಲಬ್ಬಿಗೆ ಹೋದವನು ಮೊದಲು ಅರ್ಧ ಗಂಟೆ ಬಿಳಿ ಗೋಡೆಗೆ ಖಾಲಿ ಪಿಸ್ತೂಲು ಹಿಡಿಯುತ್ತೇನೆ. ಗುರಿಯೇ ಇಲ್ಲ. ಗುರಿ ಹಿಡಿಯಲು ನಳಿಗೆ ತುದಿಯಲ್ಲಿರುವ ಸಣ್ಣ ಗೂಟವನ್ನಷ್ಟೇ ನೋಡಬೇಕು, ಟಿಕ್ ಅಂದಾಗ ಅದು ಕದಲಬಾರದು. ಗುಂಡು ಹಾಕಿದ ಮೇಲೂ ಹಾಗೇ: ಗೂಟ ಸ್ಪಷ್ಟ, ಕಪ್ಪು ವೃತ್ತ ಮಬ್ಬು. ಹೊಡೆದಾದ ಮೇಲೂ ಒಂದೆರಡು ಸೆಕೆಂಡು ಕೈ ಹಾಗೇ ಇರಬೇಕು. ನನಗೆ ಕಷ್ಟ ಇನ್ನೊಂದು. ಹತ್ತು ಸೆಕೆಂಡಿನಲ್ಲಿ ಹೊಡೆಯಲಾಗದಿದ್ದರೆ ಕೈ ಇಳಿಸಬೇಕು. ಎತ್ತಿದ ಮೇಲೆ ಹೊಡೆಯದೆ ಇಳಿಸುವುದೆಂದರೆ ಜೀವ ಹೋದ ಹಾಗಾಗುತ್ತದೆ. 60 ಗುಂಡಿಗೆ 75 ನಿಮಿಷ ಇರುತ್ತದೆ, ಆದರೂ ಅವಸರ. ಈ ವಾರ 600ಕ್ಕೆ 521 ಬಂತು. ಮೊದಲು 480 ದಾಟುತ್ತಿರಲಿಲ್ಲ.

ಅಪ್ಪಯ್ಯನಿಗೂ ಇದೇ ರೋಗ. ಈಡು ಹೊಡೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ನಾನು ಸಣ್ಣವನಿದ್ದಾಗಲೇ ನೋಡಿದ್ದೇನೆ. ನಮ್ಮ ಮಂಗಗಳಿಗೆ ಅವನ ಮೇಲೆ ಅಷ್ಟು ಧೈರ್ಯ ಸುಮ್ನೆ ಬಂದಿದ್ದಲ್ಲ. ಇದನ್ನು ಅವನಿಗೆ ಓದಿ ಹೇಳಬೇಡ.

ಮುಂದಿನ ಮಾರಿಜಾತ್ರೆಗೆ ರಜೆ ಸಿಕ್ಕರೆ ಬರುತ್ತೇನೆ. ಬಲೂನು ಹೊಡೆಯುವ ಅಂಗಡಿಯಲ್ಲಿ ಹೋದ ಸಲ ನನಗೆ ಎರಡು, ಅಕ್ಕನ ಮಗಳಿಗೆ ಐದು. ಅವಳು ಈಗಲೂ ಹೇಳಿಕೊಂಡು ತಿರುಗುತ್ತಾಳಂತೆ, ಹೌದಾ?

ನಿನ್ನ ಮಾಣಿ