ಶನಿವಾರದ ಸ್ಪ್ರಿಂಗ್‌ಬ್ಯಾಂಕ್ ಭೇಟಿ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಕ್ಯಾಂಬಲ್‌ಟೌನ್‌ನ ಸ್ಪ್ರಿಂಗ್‌ಬ್ಯಾಂಕ್ ಡಿಸ್ಟಿಲರಿ (ವಿಸ್ಕಿ ತಯಾರಿಸುವ ಕಾರ್ಖಾನೆ) ನೋಡಲು ಹೆಸರು ಕೊಟ್ಟಿರುವವರು ಬರುವ ಶನಿವಾರ ಬೆಳಿಗ್ಗೆ 7ಕ್ಕೆ ಗ್ಲಾಸ್ಗೊದಿಂದ ಹೊರಡಲು ಸಿದ್ಧರಿರಬೇಕೆಂದು ಕೋರುತ್ತೇನೆ. ದಾರಿಗೆ ಮೂರು ಗಂಟೆಗೂ ಹೆಚ್ಚು ಬೇಕು.

1828ರಲ್ಲಿ ಆರಂಭವಾದ ಈ ಡಿಸ್ಟಿಲರಿ, ಒಂದು ಕಾಲಕ್ಕೆ ವಿಸ್ಕಿಯಿಂದಲೇ ಬದುಕಿದ್ದ ಊರಿನಲ್ಲಿ 1930ರ ದಶಕದ ಹೊತ್ತಿಗೆ ಉಳಿದುಕೊಂಡ ಎರಡೇ ಎರಡರಲ್ಲಿ ಒಂದು. ತನಗೆ ಬೇಕಾದ ಬಾರ್ಲಿಯನ್ನೆಲ್ಲ ಇಂದಿಗೂ ನೆಲದ ಮೇಲೆ ಹರಡಿ, ಕೈಯಿಂದ ಮಗುಚಿ ಮೊಳಕೆ ಬರಿಸುವುದನ್ನು ತಪ್ಪದೆ ನೋಡಿ.

ಇಲ್ಲಿ ತಯಾರಾಗುವ ಮೂರು ವಿಸ್ಕಿಗಳ ರುಚಿ ನೋಡುವಾಗ, ಮೂರು ಬಾರಿ ಬಟ್ಟಿ ಇಳಿಸಿದ, ಪೀಟ್ (ಜೌಗು ನೆಲದಿಂದ ತೆಗೆದು ಒಣಗಿಸಿ ಉರಿಸುವ ಮಣ್ಣು) ಹೊಗೆಯ ಪರಿಮಳವಿಲ್ಲದ ಹೇಜಲ್‌ಬರ್ನ್‌ನಿಂದ ಆರಂಭಿಸಿ, ಎರಡೂವರೆ ಬಾರಿ ಇಳಿಸಿದ (ಇದು ಬರವಣಿಗೆಯ ತಪ್ಪಲ್ಲ; ಒಂದು ಭಾಗವನ್ನು ಎರಡು ಬಾರಿ, ಉಳಿದದ್ದನ್ನು ಮೂರು ಬಾರಿ ಇಳಿಸುತ್ತಾರೆ) ಸ್ಪ್ರಿಂಗ್‌ಬ್ಯಾಂಕ್ ಮುಗಿಸಿ, ಹೊಗೆ ದಟ್ಟವಾಗಿರುವ ಲಾಂಗ್‌ರೋವನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಅದನ್ನು ಮೊದಲೇ ಕುಡಿದರೆ ಉಳಿದೆರಡರ ನವಿರು ನಾಲಿಗೆಗೆ ಸಿಗದು. ಕೆಲವು ಹನಿ ನೀರು ಬೆರೆಸಲು ಸಂಕೋಚ ಬೇಡ.

ಕಾರು ಓಡಿಸುವವರು ಒಂದು ಗುಟುಕನ್ನೂ ಕುಡಿಯಬಾರದು. ಚಾಲಕರಿಗೆ ಸ್ಕಾಟ್ಲೆಂಡ್‌ನ ಮಿತಿ 100 ಮಿ.ಲೀ. ರಕ್ತಕ್ಕೆ 50 ಮಿ.ಗ್ರಾಂ. ಆಲ್ಕೋಹಾಲ್ ಮಾತ್ರ, ಇಂಗ್ಲೆಂಡ್‌ಗಿಂತ ಕಡಿಮೆ.

ಬರುವವರು, ಅದರಲ್ಲೂ ಕಾರು ಓಡಿಸಲು ಒಪ್ಪುವವರು, ಬುಧವಾರ ರಾತ್ರಿಯೊಳಗೆ ಇಲ್ಲಿಯೇ ಉತ್ತರಿಸಿ ಸಹಕರಿಸಬೇಕಾಗಿ ವಿನಂತಿ.